ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಮೂರು ತಿಂಗಳಾಯ್ತು ಇಲ್ಲಿ ಏನಾದರೂ ಬರೆದು. "ಬದುಕಿದ್ದೀಯೇನಪ್ಪಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ದಾರೆ. (ಒಟ್ಟು ಓದುಗರೇ ಐದಾರು ಮಂದಿ ಇರುವಾಗ ಇಬ್ಬರು ಅಂದರೆ ದೊಡ್ಡ ಸಂಖ್ಯೆಯೇ :) ) ಬದುಕಿದ್ದೇನೆ. ಆಫೀಸಿನಲ್ಲಿ ಒಂದು ರಿಲೀಸ್ ಇತ್ತು, ಮುಗಿಯಿತು. ಆದರೆ ಬರೆಯದೇ ಇದ್ದದ್ದಕ್ಕೆ ಅದು ಕಾರಣ ಅಲ್ಲ. ಒಂದು ವಿಷಯ ಬರೆಯಬೇಕು ಅಂತ ಕೂತಾಗಲೆಲ್ಲ, ಇದನ್ನು ಬರೆದರೆ ನನ್ನ ಮರ್ಯಾದೆಯೂ ಸ್ವಲ್ಪ ಹೋಗುತ್ತದೆ ಅನ್ನಿಸಿ ಎದ್ದು ಹೋಗುತ್ತಿದ್ದೆ. ಇವತ್ತು ಹೋದರೆ ಹೋಗಲಿ ಅಂತ ಕೂತಿದ್ದೇನೆ.

ವಿಷಯ ಒಂದು ಆಟದ್ದು.

ನಾವು ನಾಲ್ಕು ಜನ. ಇಂಜಿನಿಯರಿಂಗ್‌ನಲ್ಲಿ ಒಂದೇ ಹಾಸ್ಟೆಲ್, ಆಮೇಲೆ ಬೆಂಗಳೂರಿನಲ್ಲಿ ಎರಡು ವರ್ಷ ಒಂದೇ ಬಾಡಿಗೆ ಮನೆ. ಈಗ ಒಬ್ಬೊಬ್ಬರು ಒಂದೊಂದು ದಿಕ್ಕು. ಕೆಂಗೇರಿ, ಹೆಬ್ಬಾಳ, ವೈಟ್‌ಫೀಲ್ಡ್, ಬನಶಂಕರಿ. ಶನಿವಾರ ಸಂಜೆ ಮಾತ್ರ ಬನಶಂಕರಿಯ ನನ್ನ ಮನೆಯಲ್ಲಿ ಸೇರುತ್ತೇವೆ. ಟೀ, ಮಸಾಲಾ ಮಂಡಕ್ಕಿ, ಮತ್ತು ಕಾರ್ಕಸೋನ್ ಅನ್ನುವ ಬೋರ್ಡ್ ಗೇಮ್. ಹೆಸರು ಹಾಕಬೇಡ ಅಂತ ಮೂವರೂ ಹೇಳಿರುವುದರಿಂದ ಅವರವರು ಆಡುವ ಕಾಯಿಯ ಬಣ್ಣದಿಂದಲೇ ಕರೆಯುತ್ತೇನೆ. ಹಸಿರು, ನೀಲಿ, ಕೆಂಪು. ನಾನು ಕಪ್ಪು. (ಹಳದಿ ಖಾಲಿ ಇದೆ, ಯಾರಾದರೂ ಬರುವುದಿದ್ದರೆ ಹೇಳಿ.)

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಕತೆ ಅರ್ಥ ಆಗುವುದಿಲ್ಲ. ಕಾರ್ಕಸೋನ್ ಫ್ರಾನ್ಸಿನ ದಕ್ಷಿಣದಲ್ಲಿರುವ ಒಂದು ಹಳೆಯ ಕೋಟೆ ಊರು. ಎರಡು ಸುತ್ತಿನ ಕೋಟೆ. (ನಮ್ಮ ಚಿತ್ರದುರ್ಗದ್ದು ಏಳು ಸುತ್ತು, ಅದು ಬೇರೆ ಮಾತು.) 1997ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆ ಊರಿನ ಹೆಸರಿಟ್ಟು ಜರ್ಮನಿಯ ಕ್ಲಾವುಸ್-ಯೂರ್ಗೆನ್ ವ್ರೇಡೆ ಎಂಬವರು ಈ ಆಟ ಮಾಡಿದರು. 2000ದಲ್ಲಿ ಬಂತು, 2001ರಲ್ಲಿ 'ಸ್ಪೀಲ್ ಡೆಸ್ ಯಾರೆಸ್', ಅಂದರೆ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆಯಿತು.

ಇದರಲ್ಲಿ ಮೊದಲೇ ಹಾಸಿದ ಬೋರ್ಡು ಅಂತ ಇಲ್ಲ. ಇರುವುದು 72 ಚೌಕ ಟೈಲುಗಳು. ಒಂದನ್ನು ಮೇಜಿನ ನಡುವೆ ಇಟ್ಟು ಶುರು ಮಾಡುವುದು. ಟೈಲಿನ ಮೇಲೆ ಕೋಟೆಯ ತುಂಡು ಇರಬಹುದು, ರಸ್ತೆಯ ತುಂಡು ಇರಬಹುದು, ಬಯಲು ಇರಬಹುದು, ಮಠ ಇರಬಹುದು. ನಿಮ್ಮ ಸರದಿ ಬಂದಾಗ ಒಂದು ಟೈಲು ಎತ್ತಿ, ಇರುವ ಟೈಲುಗಳ ಪಕ್ಕ ಹೊಂದುವಂತೆ ಇಡಬೇಕು. ರಸ್ತೆಗೆ ರಸ್ತೆ, ಕೋಟೆಗೆ ಕೋಟೆ, ಬಯಲಿಗೆ ಬಯಲು. ಬೇಕಿದ್ದರೆ ಈಗ ಇಟ್ಟ ಟೈಲಿನ ಮೇಲೆ ನಿಮ್ಮದೊಂದು ಮರದ ಗೊಂಬೆ ನಿಲ್ಲಿಸಬಹುದು. ಈ ಗೊಂಬೆಗೆ ಆಟದವರ ಭಾಷೆಯಲ್ಲಿ ಮೀಪಲ್ ಅಂತ ಹೆಸರು. 2000ದಲ್ಲಿ ಆಲಿಸನ್ ಹ್ಯಾನ್ಸೆಲ್ ಎಂಬಾಕೆ ಇದೇ ಆಟ ಆಡುವಾಗ 'ಮೈ' ಮತ್ತು 'ಪೀಪಲ್' ಎರಡನ್ನೂ ಕೂಡಿಸಿ ಹೇಳಿದ್ದು, ಈಗ ಎಲ್ಲ ಬೋರ್ಡ್ ಗೇಮ್‌ನವರೂ ಅದನ್ನೇ ಹೇಳುತ್ತಾರೆ. ನಾವು ಸೀದಾ 'ಆಳು' ಅನ್ನುತ್ತೇವೆ. ಒಬ್ಬೊಬ್ಬರಿಗೆ ಎಂಟು ಆಳು. ಒಬ್ಬ ಅಂಕ ಎಣಿಸುವ ಪಟ್ಟಿಯ ಮೇಲೆ, ಉಳಿದ ಏಳು ಜನ ಕೆಲಸಕ್ಕೆ.

ರಸ್ತೆ ಎರಡೂ ತುದಿ ಮುಗಿದರೆ ಟೈಲಿಗೆ ಒಂದು ಅಂಕ. ಕೋಟೆ ಸುತ್ತಲೂ ಮುಚ್ಚಿಕೊಂಡರೆ ಟೈಲಿಗೆ ಎರಡು, ಗುರಾಣಿ ಚಿತ್ರ ಇದ್ದರೆ ಅದಕ್ಕೆ ಇನ್ನೆರಡು. ಮುಚ್ಚದೆಯೇ ಆಟ ಮುಗಿದರೆ ಅದರ ಅರ್ಧ. ಮಠದ ಸುತ್ತ ಎಂಟೂ ಜಾಗ ತುಂಬಿದರೆ ಒಂಬತ್ತು. ಕೆಲಸ ಮುಗಿಸಿದ ಆಳು ಕೈಗೆ ವಾಪಸ್ ಬರುತ್ತಾನೆ. ಮುಗಿಯದಿದ್ದರೆ ಸರ್ಕಾರಿ ಆಫೀಸಿನ ಫೈಲಿನ ಹಾಗೆ ಅಲ್ಲೇ ಬಿದ್ದಿರುತ್ತಾನೆ. ಬಯಲಲ್ಲಿ ಮಲಗಿಸಿದ ರೈತನಂತೂ ಆಟ ಮುಗಿಯುವವರೆಗೆ ಏಳುವುದೇ ಇಲ್ಲ.

ಚೌಕಾಬಾರದ ಹಾಗೆ ಎದುರಾಳಿಯ ಕಾಯಿ ಹೊಡೆದು ವಾಪಸ್ ಕಳಿಸುವುದು ಇಲ್ಲಿ ಇಲ್ಲ. ಯಾರೂ ಯಾರನ್ನೂ ಸಾಯಿಸುವುದಿಲ್ಲ. ಎಲ್ಲರೂ ಸೇರಿ ಒಂದೇ ಊರು ಕಟ್ಟುವುದು. ಕೇಳಲಿಕ್ಕೆ ಬಹಳ ಸಾತ್ವಿಕ ಆಟ. ಆದರೆ ಆಡಿದವರಿಗೆ ಗೊತ್ತು, ಇದರಷ್ಟು ಕಿತಾಪತಿಯ ಆಟ ಇನ್ನೊಂದಿಲ್ಲ. ನಿಮ್ಮ ಕೋಟೆ ಮುಚ್ಚಲು ಒಂದು ಜಾಗ ಬಾಕಿ ಇದೆ ಅಂತಿಟ್ಟುಕೊಳ್ಳಿ. ನಾನು ಆ ಜಾಗಕ್ಕೆ ಕೈ ಹಾಕುವುದಿಲ್ಲ. ಅದರ ಪಕ್ಕದಲ್ಲಿ ಒಂದು ಟೈಲು ಇಡುತ್ತೇನೆ, ಅಷ್ಟೇ. ಈಗ ಆ ಖಾಲಿ ಜಾಗಕ್ಕೆ ಹೊಂದುವ ಟೈಲು 72ರಲ್ಲಿ ಒಂದೂ ಇಲ್ಲ! ನಿಮ್ಮ ಕೋಟೆ ಬಾಯಿ ತೆರೆದುಕೊಂಡೇ ಉಳಿಯುತ್ತದೆ, ನಿಮ್ಮ ಆಳು ಒಳಗೇ ಸಿಕ್ಕಿಬೀಳುತ್ತಾನೆ. ನಾನು ಮಂಡಕ್ಕಿ ತಿನ್ನುತ್ತಾ ಕೂರುತ್ತೇನೆ.

ಇದನ್ನು ಮಾಡಬೇಕಾದರೆ ಯಾವ ಟೈಲು ಎಷ್ಟಿದೆ, ಎಷ್ಟು ಹೋಗಿದೆ ಅನ್ನುವ ಲೆಕ್ಕ ತಲೆಯಲ್ಲಿ ಇರಬೇಕು. ತಿರುವು ರಸ್ತೆ ಒಂಬತ್ತು, ನೇರ ರಸ್ತೆ ಎಂಟು, ಮಠ ಆರು. ನಾಲ್ಕೂ ಕಡೆ ಕೋಟೆ ಇರುವುದು ಒಂದೇ ಒಂದು. ನಾಲ್ಕು ರಸ್ತೆ ಕೂಡುವುದೂ ಒಂದೇ. ನಮ್ಮ ನಾಲ್ವರಲ್ಲಿ ಈ ಲೆಕ್ಕ ಪೂರ್ತಿ ಇಡುವವನು ಹಸಿರು ಮಾತ್ರ. ಹಾಸನದವನು. ಕಾಲೇಜಿನಲ್ಲೂ ಹಾಗೇ, ಪ್ರೊಬಬಿಲಿಟಿಯ ಲೆಕ್ಕವನ್ನು ಬೆರಳಲ್ಲೇ ಮಾಡುತ್ತಿದ್ದ.

ಇನ್ನೊಂದು ಸಂಗತಿ. ಈ ಆಟದ ಹಳೆಯ ನಿಯಮದಲ್ಲಿ ಒಂದು ಮಜಾ ಇದೆ. ಟೈಲು ಎತ್ತಿದವನು ಅದನ್ನು ಎಲ್ಲರಿಗೂ ತೋರಿಸಬೇಕು, ಎಲ್ಲಿಟ್ಟರೆ ಒಳ್ಳೆಯದು ಅಂತ ಉಳಿದವರು ಸಲಹೆ ಕೊಡಬಹುದು! ಸಲಹೆ ಎಂಥದ್ದಿರುತ್ತದೆ ಅಂತ ನೀವೇ ಊಹಿಸಿ. "ಲೋ, ಅಲ್ಲಿಡೋ, ಚೆನ್ನಾಗ್ ಕಾಣುತ್ತೆ", "ನನ್ ಮಾತ್ ಕೇಳು ಮಗಾ, ನಿನ್ ಒಳ್ಳೇದಕ್ಕೇ ಹೇಳ್ತಿರೋದು". ನಾಲ್ಕು ಜನರ ಸುಳ್ಳು ಸಲಹೆಯ ಗಲಾಟೆಯಲ್ಲಿ ಒಬ್ಬನ ಸರದಿ ಮುಗಿಯಲು ಐದು ನಿಮಿಷ. ಕೆಳಗಿನ ಮನೆಯ ಓನರ್ ಎರಡು ಸಲ ಬಂದು ಬಾಗಿಲು ತಟ್ಟಿದ್ದಾರೆ.

2024ರ ಫೆಬ್ರವರಿಯಲ್ಲಿ ಹಸಿರಿನ ಕೆಲಸ ಹೋಯಿತು. ಬೆಳಿಗ್ಗೆ ಹತ್ತಕ್ಕೆ ಒಂದು ಮೀಟಿಂಗ್ ಬಂತು, ಹತ್ತೂಕಾಲಿಗೆ ಮುಗಿಯಿತು, ಹತ್ತೂವರೆಗೆ ಲ್ಯಾಪ್‌ಟಾಪ್ ಲಾಕ್. ಆರು ವರ್ಷ ಮಾಡಿದ ಕೆಲಸ. ಆ ಶನಿವಾರವೂ ಬಂದ, ಮಾಮೂಲಿನಂತೆ ಆಡಿದ, ಏನೂ ಆಗದವನ ಹಾಗೆ ಮಾತಾಡಿದ. ಆದರೆ ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು, ಕೆಲಸ ಸಿಗಲಿಲ್ಲ. ಬರುಬರುತ್ತಾ ಮಾತು ಕಡಿಮೆಯಾಯಿತು. ಮೆಟ್ರೋದಲ್ಲಿ ಬರುತ್ತಿದ್ದವನು ಬಸ್ಸಿನಲ್ಲಿ ಬರಲು ಶುರು ಮಾಡಿದ. ಊರಲ್ಲಿ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ.

ಈಗ ನನ್ನ ಮರ್ಯಾದೆ ಹೋಗುವ ಭಾಗ. ಏಪ್ರಿಲ್ ಕೊನೆಯಲ್ಲಿ ನಾವು ಮೂವರು, ಅಂದರೆ ನೀಲಿ, ಕೆಂಪು, ನಾನು, ಅವನನ್ನು ಬಿಟ್ಟು ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಉದ್ದೇಶ ಒಳ್ಳೆಯದೇ. ಯಾರ ಕಂಪನಿಯಲ್ಲಿ ಓಪನಿಂಗ್ ಇದೆ, ಯಾರು ರೆಫರ್ ಮಾಡಬಹುದು ಅಂತ. ಅದರಲ್ಲೇ ಒಂದು ದಿನ ಕೆಂಪು ಬರೆದ, "ಶನಿವಾರನಾದ್ರೂ ಅವ್ನು ಖುಷಿಯಾಗಿ ಹೋಗ್ಲಿ ಮಗಾ. ಸ್ವಲ್ಪ ಲೂಸ್ ಬಿಟ್ಟು ಆಡೋಣ". ನಾನು ಹೆಬ್ಬೆರಳು ಒತ್ತಿದೆ. ನೀಲಿಯೂ ಒತ್ತಿದ. ಅಷ್ಟೇ ಚರ್ಚೆ.

ಆಮೇಲೆ ಐದು ಶನಿವಾರ ಸತತವಾಗಿ ಹಸಿರು ಗೆದ್ದ. ನಾವು ಸೋತು "ಏನ್ ಗುರೂ ಫಾರ್ಮು!" ಅಂದೆವು. ಅವನು ನಗಲಿಲ್ಲ. ನಾವು ಅದನ್ನೂ ಕೆಲಸದ ಚಿಂತೆ ಅಂದುಕೊಂಡೆವು.

ಜೂನ್ ಮೊದಲ ಶನಿವಾರ. ಹಸಿರಿನದ್ದು ಏಳು ಟೈಲಿನ ಕೋಟೆ, ಎರಡು ಗುರಾಣಿ. ಮುಚ್ಚಲು ಒಂದೇ ಜಾಗ ಬಾಕಿ. ಆ ಜಾಗಕ್ಕೆ ಒಂದು ಕಡೆ ಕೋಟೆ ಬೇಕು, ಒಂದು ಪಕ್ಕ ರಸ್ತೆ, ಅದರ ಎದುರು ಪಕ್ಕ ಬಯಲು. ಆ ಥರದ ಟೈಲು ಇಡೀ ಡಬ್ಬಿಯಲ್ಲಿ ಮೂರೇ ಮೂರು. ಎರಡು ಆಗಲೇ ಹೋಗಿದ್ದವು. ಉಳಿದದ್ದು ಒಂದು, ಕಟ್ಟಿನಲ್ಲಿ ಇದ್ದದ್ದು ಹನ್ನೊಂದು ಟೈಲು. ಮುಚ್ಚಿದರೆ 20 ಅಂಕ, ಮುಚ್ಚದಿದ್ದರೆ 9.

ನೀಲಿಯ ಸರದಿ. ಅವನಿಗೆ ಬಂದದ್ದು ಒಂದು ಕಡೆ ಮಾತ್ರ ಕೋಟೆ, ಮೂರು ಕಡೆ ಬಯಲು ಇರುವ ಟೈಲು. ಆ ಖಾಲಿ ಜಾಗದ ಇನ್ನೊಂದು ಪಕ್ಕಕ್ಕೆ ಬಯಲು ತಿರುಗಿಸಿ ಅದನ್ನಿಟ್ಟರೆ ಕತೆ ಮುಗಿಯಿತು, ಕೋಟೆ ಇನ್ನು ಮುಚ್ಚುವುದೇ ಸಾಧ್ಯವಿಲ್ಲ. ಬೇರೆ ದಿನವಾಗಿದ್ದರೆ ನೀಲಿ ಕುಣಿದಾಡಿಕೊಂಡು ಇಡುತ್ತಿದ್ದ. ಅವತ್ತು ಸ್ವಲ್ಪ ಹೊತ್ತು ನೋಡಿ, ಮೇಜಿನ ಆ ತುದಿಯಲ್ಲಿ ಯಾರಿಗೂ ಉಪಯೋಗವಿಲ್ಲದ ಒಂದು ಮೂಲೆಯಲ್ಲಿಟ್ಟ. ಸುಮ್ಮನೆ.

ಮುಂದೆ ಕೆಂಪು. ಅವನ ಗ್ರಹಚಾರಕ್ಕೆ ಆ ಮೂರನೇ ಟೈಲು ಅವನಿಗೇ ಬಂತು. ಅದರಲ್ಲಿದ್ದ ರಸ್ತೆಯಿಂದ ಅವನ ಸ್ವಂತ ರಸ್ತೆಯನ್ನೇ ಮುಂದುವರಿಸಬಹುದಿತ್ತು. ಅವನು ಅದನ್ನು ತೆಗೆದುಕೊಂಡು ಹೋಗಿ ಹಸಿರಿನ ಕೋಟೆಯ ಬಾಯಿಗೆ ಇಟ್ಟ. "ಅಯ್ಯೋ, ನೋಡ್ಲೇ ಇಲ್ಲ ಕಣೋ, ನಿಂದು ಕಂಪ್ಲೀಟ್ ಆಗ್ಹೋಯ್ತಲ್ಲ!" ಅಂದ. ಸಿನಿಮಾದಲ್ಲಿ ಇಷ್ಟು ಕೆಟ್ಟದಾಗಿ ಆಕ್ಟ್ ಮಾಡಿದರೆ ಜನ ಸ್ಕ್ರೀನಿಗೆ ಕಲ್ಲು ಹೊಡೆಯುತ್ತಾರೆ. ನಾನು? ನಾನು "ಇಪ್ಪತ್ತು!" ಅಂತ ಕೂಗಿ ಪಟ್ಟಿಯ ಮೇಲೆ ಅವನ ಆಳನ್ನು ಇಪ್ಪತ್ತು ಮನೆ ಮುಂದೆ ಸರಿಸಿದೆ. ಚಪ್ಪಾಳೆಯನ್ನೂ ತಟ್ಟಿದೆ.

ಹಸಿರು ಕೋಟೆಯೊಳಗಿಂದ ತನ್ನ ಆಳನ್ನು ಎತ್ತಿಕೊಂಡ. ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಎಷ್ಟ್ ವಾರದಿಂದ ನಡೀತಿದೆ ಇದು?"

ಯಾರೂ ಮಾತಾಡಲಿಲ್ಲ.

"ನೀವ್ ನನ್ ಜೊತೆ ಆಡ್ತಾ ಇಲ್ಲ ಕಣ್ರೋ. ನನ್ನನ್ನ ಆಡಿಸ್ತಾ ಇದ್ದೀರ."

ಆಳುಗಳನ್ನು ಡಬ್ಬಿಗೆ ಹಾಕಿ, ಚಪ್ಪಲಿ ಹಾಕಿಕೊಂಡು ಹೋದ. ಇನ್ನೂ ಒಂಬತ್ತು ಟೈಲು ಬಾಕಿ ಇತ್ತು. ಆಮೇಲಿನ ಶನಿವಾರ ಬರಲಿಲ್ಲ. ಅದರ ಮುಂದಿನದ್ದೂ. ಫೋನ್ ಮಾಡಿದರೆ "ಸ್ವಲ್ಪ ಕೆಲ್ಸ ಇದೆ" ಅನ್ನುತ್ತಿದ್ದ. ಕೆಲಸ ಇಲ್ಲದವನು ಕೆಲಸ ಇದೆ ಅಂದರೆ ಅದಕ್ಕಿಂತ ಸ್ಪಷ್ಟವಾಗಿ ಏನು ಹೇಳಬೇಕು?

ಮೊದಲ ಎರಡು ವಾರ ನನಗೆ ಸಿಟ್ಟೇ ಬಂದಿತ್ತು. ನಾವೇನು ಅವನಿಗೆ ಕೆಟ್ಟದ್ದು ಮಾಡಿದ್ದೇವಾ? ಗೆಲ್ಲಿಸಿದ್ದು ತಪ್ಪಾ? ಇಷ್ಟು ಜಂಭ ಯಾಕೆ? ಇದನ್ನೇ ನೀಲಿಯ ಹತ್ತಿರ ಹೇಳಿದೆ, ಅವನೂ ಹೌದು ಅಂದ. ಇಬ್ಬರೂ ಹೌದು ಅಂದುಕೊಂಡರೂ ಸಮಾಧಾನ ಮಾತ್ರ ಆಗಲಿಲ್ಲ.

ಜುಲೈ ಕೊನೆಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ನಮ್ಮದು ಪುತ್ತೂರಿನ ಹತ್ತಿರ. ಆಟಿ ತಿಂಗಳು, ಹೊರಗೆ ಕಾಲಿಡಲಾಗದ ಮಳೆ. ನಮ್ಮ ಕಡೆ ಆಟಿಯಲ್ಲಿ ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯುತ್ತದೆ. ಘಟ್ಟದ ಮೇಲಿನವರು ಅಳಗುಳಿ ಮಣೆ ಅನ್ನುವುದು ಇದನ್ನೇ. ಎರಡು ಸಾಲು, ಸಾಲಿಗೆ ಏಳು ಗುಳಿ, ಕೆಂಪು ಮಂಜೊಟ್ಟಿ ಕಾಯಿ. ಗುಳಿಯಿಂದ ಕಾಯಿ ಎತ್ತಿ ಒಂದೊಂದೇ ಹಾಕುತ್ತಾ ಹೋಗುವುದು. ನನಗೆ ಕಲಿಸಿದ್ದು ಅಜ್ಜಿ. ಚಿಕ್ಕವನಿದ್ದಾಗ ಒಂದು ಸಲವೂ ಗೆಲ್ಲಲು ಬಿಟ್ಟವರಲ್ಲ. ಸೋತು ಅತ್ತರೆ ಹಲಸಿನ ಹಪ್ಪಳ ಸುಟ್ಟು ಕೊಡುತ್ತಿದ್ದರು, ಗೆಲುವು ಮಾತ್ರ ಕೊಡುತ್ತಿರಲಿಲ್ಲ.

ಅಜ್ಜಿಗೆ ಈಗ ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಕಾಯಿ ಎತ್ತುವಾಗ ಒಂದೆರಡು ಕೆಳಗೆ ಬೀಳುತ್ತದೆ. ನಾನು ಎದುರು ಕೂತು ಆಡಿದೆ. ಎರಡನೇ ಆಟದಲ್ಲಿ ಅವರ ಕಡೆಯ ತುಂಬಿದ ಗುಳಿ ನನಗೆ ಸಿಗುವ ಹಾಗಿತ್ತು. ನಾನು ಬೇರೆ ಗುಳಿಯಿಂದ ಎತ್ತಿದೆ. ಪಾಪ, ಮುದುಕಿ, ಗೆಲ್ಲಲಿ ಅಂತ.

ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. "ಕಾಯಿ ವಾಪಸ್ ಹಾಕು. ಸರಿ ಆಡು. ನನಗೆ ಮಂಜಾದದ್ದು ಕಣ್ಣು ಮಾರಾಯ, ಲೆಕ್ಕ ಅಲ್ಲ."

ಎಲ್ಲಿಯೋ ಕೇಳಿದ ಮಾತು ಅನ್ನಿಸಿತು. ಎರಡು ತಿಂಗಳ ಹಿಂದೆ ಹಸಿರು ಹೇಳಿದ್ದೂ ಇದನ್ನೇ ಅಲ್ಲವಾ? ಕೆಲಸ ಹೋದದ್ದು ಅವನದ್ದು, ಲೆಕ್ಕ ಅಲ್ಲ. ಲೆಕ್ಕ ಅವನ ಹತ್ತಿರ ಇನ್ನೂ ಇತ್ತು. ಮೂರರಲ್ಲಿ ಎರಡು ಹೋಗಿದೆ, ಒಂದು ಉಳಿದಿದೆ ಅಂತ ಗೊತ್ತಿದ್ದವನಿಗೆ ನಾವು ಏನು ಮಾಡುತ್ತಿದ್ದೇವೆ ಅಂತ ಗೊತ್ತಾಗದೇ ಇರುತ್ತದಾ? ಅಷ್ಟೂ ತಿಂಗಳಲ್ಲಿ ಅವನದ್ದು ಅಂತ ಉಳಿದಿದ್ದದ್ದು ಅದೊಂದೇ. ಅದನ್ನೂ ನಾವು ಕಿತ್ತುಕೊಂಡು, ಬದಲಿಗೆ ಇಪ್ಪತ್ತು ಅಂಕ ಕೊಟ್ಟೆವು.

ಚಿಕ್ಕಂದಿನಲ್ಲಿ ದೊಡ್ಡ ಮಕ್ಕಳು ಆಡುವಾಗ ಹಟ ಮಾಡುವ ಸಣ್ಣವನನ್ನು ಸೇರಿಸಿಕೊಳ್ಳುವ ಒಂದು ಉಪಾಯ ಇತ್ತಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ. ಅವನು ಓಡಬಹುದು, ಕೂಗಬಹುದು, ಔಟ್ ಆಗುವುದಿಲ್ಲ. ಐದು ನಿಮಿಷ ಬಹಳ ಖುಷಿ. ಆಮೇಲೆ ಅವನಿಗೆ ಗೊತ್ತಾಗುತ್ತದೆ, ತನ್ನನ್ನು ಯಾರೂ ಹಿಡಿಯುತ್ತಲೇ ಇಲ್ಲ ಅಂತ. ನನಗೆ ಆ ಕ್ಷಣ ಇನ್ನೂ ನೆನಪಿದೆ, ನಿಮಗೂ ಇರಬಹುದು. ಔಟ್ ಆಗಿ ಹೊರಗೆ ಕೂತವನಿಗೂ ಆಗದ ಅವಮಾನ ಅದು. ಇಪ್ಪತ್ತೇಳು ವರ್ಷದ ಗೆಳೆಯನನ್ನು ನಾವು ಐದು ಶನಿವಾರ ಆ ಜಾಗದಲ್ಲಿ ನಿಲ್ಲಿಸಿದ್ದೆವು.

ನನಗೆ ಈಗ ಅನ್ನಿಸುವುದು ಇಷ್ಟು. ಆಟದಲ್ಲಿ ಒಬ್ಬನ ದಾರಿಗೆ ಅಡ್ಡ ಟೈಲು ಇಡುವುದು ಅವನಿಗೆ ಕೊಡುವ ಮರ್ಯಾದೆ. "ನೀನು ಅಪಾಯದ ಆಸಾಮಿ, ನಿನ್ನನ್ನು ಹೀಗೇ ಬಿಟ್ಟರೆ ಗೆದ್ದುಬಿಡ್ತೀಯ" ಅಂತ ಒಪ್ಪಿಕೊಂಡ ಹಾಗೆ. ಅಡ್ಡ ಇಡದೆ ಗುಟ್ಟಾಗಿ ಬಿಟ್ಟುಕೊಡುವುದು ಅದರ ಉಲ್ಟಾ. ಅದರಲ್ಲಿ ಪ್ರೀತಿ ಇರಬಹುದು, ನಮ್ಮಲ್ಲಿಯೂ ಇತ್ತು. ಆದರೆ ನನ್ನ ಪ್ರೀತಿಯನ್ನು ನಾನು ಸ್ವಲ್ಪ ಕೆದಕಿ ನೋಡಿದೆ. ಅದರಡಿಯಲ್ಲಿ ಇನ್ನೊಂದು ಸಿಕ್ಕಿತು. ಅವನ ಸಪ್ಪೆ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಅವನು ಗೆದ್ದರೆ ಶನಿವಾರ ಸಂಜೆ ನನಗೆ ಹಗುರ. ಗೆಲ್ಲಿಸುತ್ತಿದ್ದದ್ದು ಅವನಿಗಾಗಿಯಾ, ನನಗಾಗಿಯಾ?

"ಹಾಗಾದರೆ ಮಕ್ಕಳ ಜೊತೆಗೂ ಜಿದ್ದಿಗೆ ಬಿದ್ದು ಆಡಬೇಕಾ?" ಅಂತ ನನ್ನ ಅಕ್ಕ ಕೇಳಿದಳು. ಅವಳ ಮಗಳಿಗೆ ಆರು ವರ್ಷ. ಇಲ್ಲ. ಆದರೆ ಅವಳ ಜೊತೆ ಕಾರ್ಕಸೋನ್ ಆಡುವಾಗ ಮೊದಲೇ ಹೇಳಿಯೇ ರೈತರನ್ನು ತೆಗೆದಿಟ್ಟು ಆಡುತ್ತೇವೆ. ಎಲ್ಲಿಟ್ಟರೆ ಕೋಟೆ ಮುಚ್ಚುತ್ತದೆ ಅಂತ ನಿಜವಾದ ಸಲಹೆ ಕೊಡುತ್ತೇವೆ. ಜಪಾನ್, ಚೀನಾ, ಕೊರಿಯಾದವರು ಆಡುವ ಗೋ ಆಟದಲ್ಲಿ ಕಡಿಮೆ ಬಲದವನಿಗೆ ಶುರುವಿನಲ್ಲೇ ಎರಡರಿಂದ ಒಂಬತ್ತರವರೆಗೆ ಕಲ್ಲು ಬೋರ್ಡಿನ ಮೇಲೆ ಇಡಲು ಬಿಡುತ್ತಾರೆ. ಎದುರೆದುರೇ, ಇಬ್ಬರಿಗೂ ಗೊತ್ತಿದ್ದು. ಆಮೇಲೆ ಬಲವಾದವನು ಪೂರ್ತಿ ಶಕ್ತಿ ಹಾಕಿಯೇ ಆಡುತ್ತಾನೆ. ಮೇಜಿನ ಮೇಲೆ ಇಟ್ಟ ರಿಯಾಯಿತಿಗೂ ಮೇಜಿನ ಕೆಳಗಿಂದ ದಾಟಿಸಿದ ರಿಯಾಯಿತಿಗೂ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಇಬ್ಬರೂ ಆಟಗಾರರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಆಟ ಸಂಬಂಧವನ್ನೇ ಮುರಿಯಬಹುದಲ್ಲ? ಮುರಿಯಬಹುದು. ನಮ್ಮ ಮನೆಯಲ್ಲಿ ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದು ಅಂತ ಕಟ್ಟಳೆ. ನಾನೂ ಅಕ್ಕನೂ ಆಡಿದವರೇ ಅಲ್ಲ. ಅದಕ್ಕೆ ಸಿರಿ ಪಾಡ್ದನದ ಕತೆ ಹೇಳುತ್ತಾರೆ. ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡಲು ಕೂತು, ಆಟ ಜಗಳವಾಗಿ, ಒಬ್ಬಳು ಇನ್ನೊಬ್ಬಳಿಗೆ ಆ ಮಣೆಯಿಂದಲೇ ಹೊಡೆದು, ಕೊನೆಗೆ ಇಬ್ಬರೂ ಉಳಿಯುವುದಿಲ್ಲ. ನಮ್ಮ ಹಿರಿಯರಿಗೆ ಆಟ ಬರೀ ಆಟ ಅಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಅವರ ಪರಿಹಾರ ನೋಡಿ, ಆಡಲೇಬೇಡಿ ಅಂದರು. ಸುಳ್ಳು ಸುಳ್ಳೇ ಸೋತುಕೊಳ್ಳಿ ಅನ್ನಲಿಲ್ಲ. ಆಡಿದರೆ ಸರಿಯಾಗಿ ಆಡಬೇಕು, ಅದನ್ನು ತಾಳುವ ಶಕ್ತಿ ಇಬ್ಬರ ನಡುವೆ ಇಲ್ಲದಿದ್ದರೆ ಮಣೆ ಎತ್ತಿಡಬೇಕು. ಆವತ್ತು ನಾವೂ ಹಾಗೆ ಮಾಡಬಹುದಿತ್ತು. "ಇವತ್ತು ಆಟ ಬೇಡ ಕಣೋ, ಸುಮ್ನೆ ನಡ್ಕೊಂಡು ಹೋಗಿ ದೋಸೆ ತಿಂದ್ಕೊಂಡ್ ಬರೋಣ" ಅನ್ನಬಹುದಿತ್ತು. ಅವನೂ ಏನಾದರೂ ಹೇಳಿಕೊಳ್ಳುತ್ತಿದ್ದನೇನೋ.

ಹಾಗಂತ ಎಲ್ಲ ಬಗೆಯ ಬಿರುಸೂ ಸರಿ ಅಂತ ನಾನು ಹೇಳುತ್ತಿಲ್ಲ. ಮೂವರು ಸೇರಿ ಒಬ್ಬನನ್ನೇ ಗುರಿ ಮಾಡುವುದು, ಸೋತವನನ್ನು ವಾರಪೂರ್ತಿ ಆಡಿಕೊಳ್ಳುವುದು ಆಟ ಅಲ್ಲ. ನಾನು ಹೇಳುತ್ತಿರುವುದು ಸರದಿಯ ಬಗ್ಗೆ ಮಾತ್ರ. ನನ್ನ ಸರದಿ ಬಂದಾಗ ನನ್ನ ಕೈಲಾದಷ್ಟು ಚೆನ್ನಾಗಿ ಆಡುತ್ತೇನೆ, ನಿನ್ನ ಸರದಿಯಲ್ಲಿ ನೀನೂ ಹಾಗೇ ಆಡುತ್ತೀಯ ಅಂತ ನಂಬುತ್ತೇನೆ. ಅದಿಲ್ಲದಿದ್ದರೆ ಸರದಿ ಅನ್ನುವುದಕ್ಕೆ ಅರ್ಥವೇ ಇಲ್ಲ.

ಊರಿಂದ ಬಂದವನೇ ಹಸಿರಿಗೆ ಫೋನ್ ಮಾಡಿದೆ. ಸಾರಿ ಅಂದೆ. ಗ್ರೂಪಿನ ವಿಷಯವನ್ನೂ ಹೇಳಿದೆ. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, "ಹೂಂ" ಅಂದ ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಒಂದು ಪ್ರಶ್ನೆ ಕೇಳಿದ. "ನನ್ ರೆಸ್ಯೂಮೆ ಬಗ್ಗೆನೂ ಹಂಗೇ ಹೇಳಿದ್ರಾ?"

ನಿಜ ಹೇಳಬೇಕೆಂದರೆ ಈ ಪ್ರಶ್ನೆಯಿಂದಾಗಿಯೇ ನಾನು ಇಷ್ಟು ಉದ್ದ ಬರೆಯುತ್ತಿರುವುದು. ಮಾರ್ಚ್‌ನಲ್ಲಿ ಅವನು ನಮ್ಮ ಮೂವರಿಗೂ ರೆಸ್ಯೂಮೆ ಕಳಿಸಿದ್ದ. ನಾಲ್ಕು ಪುಟ. ಮೊದಲ ಪುಟದ ತುಂಬಾ ಗೊತ್ತಿರುವ ಎಲ್ಲ ಟೆಕ್ನಾಲಜಿಗಳ ಪಟ್ಟಿ. ಅವನು ಎರಡು ವರ್ಷ ಕೂತು ಮಾಡಿದ ನಿಜವಾದ ಕೆಲಸ, ನೆಟ್‌ವರ್ಕ್ ಕೈಕೊಟ್ಟಾಗ ಒಂದೇ ಪೇಮೆಂಟ್ ಎರಡು ಸಲ ಕಟ್ ಆಗದಂತೆ ತಡೆಯುವುದು, ಅದು ಮೂರನೇ ಪುಟದ ಕೊನೆಯಲ್ಲಿ ಒಂದೂವರೆ ಸಾಲು! ನಾನು ಅದನ್ನು ಓದಿದಾಗಲೇ ಅಂದುಕ್ಕೊಂಡಿದ್ದೆ, ಯಾರೂ ಇಲ್ಲಿಯವರೆಗೆ ಓದುವುದಿಲ್ಲ ಅಂತ. ಆದರೆ ಉತ್ತರ ಬರೆದದ್ದು ಏನು? "ಸೂಪರ್ ಮಗಾ, ಆಲ್ ದ ಬೆಸ್ಟ್". ಪಾಪ, ಮೊದಲೇ ಬೇಜಾರಲ್ಲಿದ್ದಾನೆ ಅಂತ. ಅದೇ ರೆಸ್ಯೂಮೆ ಹಿಡಿದು ಅವನು ನಾಲ್ಕು ತಿಂಗಳು ಅಲೆದ.

ಅಂದರೆ ಆಟದಲ್ಲಿ ಮಾಡಿದ್ದನ್ನೇ ನಾನು ಮೊದಲು ಬದುಕಿನಲ್ಲಿ ಮಾಡಿದ್ದೆ. ಆಟದಲ್ಲಿ ಹೋದದ್ದು ಒಂದು ಸಂಜೆ. ಇಲ್ಲಿ ಹೋದದ್ದು ಅವನ ನಾಲ್ಕು ತಿಂಗಳು. ಕೋಟೆ ಮುಚ್ಚಿಕೊಟ್ಟದ್ದಕ್ಕೆ ಅವನಿಗೆ ಸಿಟ್ಟು ಬಂದದ್ದು ಆ ಕೋಟೆಗಾಗಿ ಅಲ್ಲ. ಇವರ ಬಾಯಲ್ಲಿ 'ಚೆನ್ನಾಗಿದೆ' ಅಂತ ಬಂದರೆ ಇನ್ನು ಯಾವುದನ್ನು ನಂಬಬೇಕು ಅನ್ನುವುದಕ್ಕಾಗಿ.

ಇಲ್ಲಿ ಬ್ಲಾಗ್ ಬಂಧುಗಳಿಗೂ ಒಂದು ಮಾತು, ನನ್ನನ್ನೂ ಸೇರಿಸಿಕೊಂಡು. ನಾವು ಒಬ್ಬರಿಗೊಬ್ಬರು ಬರೆಯುವುದು ಎಂಥದ್ದು? "ಚೆನ್ನಾಗಿದೆ, ಬರೀತಾ ಇರಿ". "ಮನಮುಟ್ಟುವ ಬರಹ". ಪೂರ್ತಿ ಓದದೆಯೂ ಬರೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಕನ್ನಡದಲ್ಲಿ ಬರೆಯುವವರೇ ಕಡಿಮೆ, ಇರುವವರನ್ನು ಯಾಕೆ ನೋಯಿಸಬೇಕು ಅನ್ನುವ ಕಾಳಜಿ ಅದರ ಹಿಂದೆ ಇದೆ. ಆದರೆ ಹಾಗೆ ಮಾಡಿ ಮಾಡಿ ನಾವೆಲ್ಲ ಒಬ್ಬರನ್ನೊಬ್ಬರು ಆಟಕ್ಕುಂಟು ಲೆಕ್ಕಕ್ಕಿಲ್ಲದವರನ್ನಾಗಿ ಮಾಡಿಕೊಂಡಿದ್ದೇವಾ? ಹಿಂದೆ ಒಬ್ಬರು ನನ್ನ ಒಂದು ಕತೆಗೆ "ಕೊನೆಯ ಎರಡು ಪ್ಯಾರಾ ಬೇಡವಾಗಿತ್ತು" ಅಂತ ಬರೆದಿದ್ದರು. ಎರಡು ದಿನ ಉರಿ. ಆ ಕತೆಗೆ ಬಂದ ಉಳಿದ ಹನ್ನೊಂದು ಮಾತುಗಳಲ್ಲಿ ನನಗೆ ಇವತ್ತು ನೆನಪಿರುವುದು ಅದೊಂದೇ.

ಆಗಸ್ಟ್ ಎರಡನೇ ಶನಿವಾರ ಹಸಿರು ಬಂದ. ಮೊದಲು ಲ್ಯಾಪ್‌ಟಾಪ್ ತೆಗೆದು ಮೂವರೂ ಸೇರಿ ರೆಸ್ಯೂಮೆಯನ್ನು ಒಂದೂವರೆ ಪುಟಕ್ಕೆ ಕಡಿದೆವು. ಒಂದು ಹಂತದಲ್ಲಿ ಅವನ ಮುಖ ಕೆಂಪಾಯಿತು, ನೀಲಿಗೆ ಬೈದ, ಆಮೇಲೆ ತಾನೇ ಅಳಿಸಿದ. ಟೀ ಕುಡಿದ ಮೇಲೆ ಡಬ್ಬಿ ತೆಗೆದೆವು.

ಆವತ್ತು ಅವನ ಮಠದ ಸುತ್ತ ಏಳು ಜಾಗ ತುಂಬಿತ್ತು, ಮೂಲೆಯ ಒಂದು ಬಾಕಿ. ಆ ಮೂಲೆಗೆ ಮೂರು ಕಡೆಯಿಂದ ರಸ್ತೆ ಬಂದು ನಿಂತಿತ್ತು. ನನಗೆ ನೇರ ರಸ್ತೆ ಬಂತು. ನಾಲ್ಕು ರಸ್ತೆ ಕೂಡುವ ಟೈಲು ಒಂದೇ ಅಂತ ಆಗಲೇ ಹೇಳಿದೆನಲ್ಲ, ಅದು ಆಟದ ಶುರುವಿನಲ್ಲೇ ಹೋಗಿತ್ತು. ನಾನು ಟೈಲು ತೋರಿಸಿದೆ. ಎಲ್ಲರಿಗೂ ಗೊತ್ತಾಯಿತು. ಯಾರೂ ಸಲಹೆ ಕೊಡಲಿಲ್ಲ. ಕೈ ಸ್ವಲ್ಪ ತಡವರಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಾಲ್ಕನೇ ಕಡೆಗೆ ಇಟ್ಟೆ.

"ಥೂ, ಪಾಪಿ! ಸ್ವಾಮಿಗಳನ್ನ ಒಳಗೇ ಕೂಡ್ ಹಾಕ್ಬಿಟ್ಟಲ್ಲೋ!" ಅಂದ ಹಸಿರು. ಆ ಧ್ವನಿ ಕೇಳಿ ಎಷ್ಟು ತಿಂಗಳಾಗಿತ್ತು. ಕೆಳಗಿನ ಮನೆಯ ಓನರ್ ಬಂದು ಬಾಗಿಲು ತಟ್ಟಿದರು.

ಆವತ್ತು ನೀಲಿ ಗೆದ್ದ, ಹಸಿರು ಮೂರನೆಯವನಾದ. ಅವನಿಗೆ ಕೆಲಸ ಸಿಕ್ಕಿದ್ದು ಅದಾಗಿ ಬಹಳ ದಿನದ ಮೇಲೆ, ಸಂಬಳ ಮೊದಲಿಗಿಂತ ಕಡಿಮೆ. ರೆಸ್ಯೂಮೆ ತಿದ್ದಿದ್ದರಿಂದಲೇ ಸಿಕ್ಕಿತು ಅಂತ ನಾನೇನೂ ಹೇಳುವುದಿಲ್ಲ. ಮೂವರ ಗ್ರೂಪನ್ನು ಮಾತ್ರ ಅವತ್ತೇ ಅಳಿಸಿದೆವು.

ಇದನ್ನು ಹಾಕುವ ಮೊದಲು ಹಸಿರಿಗೆ ಓದಲು ಕಳಿಸಿದ್ದೆ. "ಉದ್ದ ಆಯ್ತು. ಮಧ್ಯ ಫ್ರಾನ್ಸ್ ಚರಿತ್ರೆ ಎರಡು ಪ್ಯಾರಾ ಬೋರು, ತೆಗಿ. ನಾನು ಅಷ್ಟೆಲ್ಲ ಪಾಪದವನಾಗಿ ಇರ್ಲಿಲ್ಲ, ಆದ್ರೂ ಇರ್ಲಿ ಬಿಡು" ಅಂತ ಬರೆದ. ಎರಡು ಪ್ಯಾರಾ ತೆಗೆದಿದ್ದೇನೆ. ಚಿತ್ರದುರ್ಗದ ಮಾತು ಮಾತ್ರ ಬಿಡಲು ಮನಸ್ಸಾಗಲಿಲ್ಲ.

ನೀವೇನಂತೀರಿ? ಗೆಳೆಯರಿಗೆ ಬಿಟ್ಟುಕೊಟ್ಟು ಆಡಿದ್ದೀರಾ? ನಿಮಗೆ ಯಾರಾದರೂ ಬಿಟ್ಟುಕೊಟ್ಟದ್ದು ಗೊತ್ತಾಗಿದೆಯಾ? ಬರೆಯಿರಿ. ಬರಹ ಚೆನ್ನಾಗಿಲ್ಲ ಅಂತಲೂ ಬರೆಯಬಹುದು, ಎರಡು ದಿನ ಉರಿದರೂ ಮೂರನೇ ದಿನ ಉತ್ತರ ಕೊಡುತ್ತೇನೆ :)